ಪಾಠ ಪರದೆ ಮೇಲಿದೆ, ಪಕ್ಕದಲ್ಲಿ ಕೂರೋರು ಯಾರು?

"ಇನ್ಮೇಲೆ ಡಿಗ್ರಿಯಲ್ಲಿ ಶೇ 40 ಆನ್‌ಲೈನಂತೆ." ಈ ಒಂದು ಸಾಲು 2021ರಿಂದ ಬೇರೆ ಬೇರೆ ರೂಪದಲ್ಲಿ ಸುತ್ತುತ್ತಲೇ ಇದೆ. ಕೇಳಿದ ಪೋಷಕರು ವಾರಕ್ಕೆ ಎರಡು ದಿನ ಕಾಲೇಜೇ ಇರಲ್ಲ ಅಂದುಕೊಳ್ಳುತ್ತಾರೆ. ವಿದ್ಯಾರ್ಥಿಗಳಿಗೆ ಹಾಜರಾತಿ ಕಾಟ ತಪ್ಪಿತು ಅನ್ನೋ ಖುಷಿ. ಅತಿಥಿ ಉಪನ್ಯಾಸಕರಿಗೆ ಇದ್ದ ಕೆಲಸವೂ ಹೋಗುತ್ತದೆ ಅನ್ನೋ ಭಯ.

ಎಂಜಿನಿಯರಿಂಗ್ ಕಡೆ ಗೊಂದಲ ಇನ್ನೂ ಜಾಸ್ತಿ. ವಿಟಿಯು ತನ್ನ 2022ರ ಸ್ಕೀಮ್‌ನಲ್ಲಿ ಎಂಟನೇ ಸೆಮಿಸ್ಟರ್‌ನ ಎರಡು ಐಚ್ಛಿಕ ಪೇಪರ್‌ಗಳನ್ನು ಆನ್‌ಲೈನ್ ಕೋರ್ಸ್‌ಗೆ ಬಿಟ್ಟಿತು. ಅವುಗಳ ಜೊತೆ ಇರೋದು ಇಂಟರ್ನ್‌ಶಿಪ್. ಆ ಬ್ಯಾಚ್ ಕೊನೇ ವರ್ಷಕ್ಕೆ ಬರುತ್ತಿದ್ದಂತೆ ಮನೆಗಳಲ್ಲಿ ಎದ್ದ ಪ್ರಶ್ನೆ ಒಂದೇ: ಕಾಲೇಜಿನಲ್ಲಿ ತರಗತಿ ಇಲ್ಲ ಅಂದಮೇಲೆ ಫೀಸ್ ಯಾಕೆ ಕಟ್ಟಬೇಕು?

ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಮುಂಚೆ ಈ ಶೇ 40 ಅನ್ನೋ ಗಂಟನ್ನು ಸ್ವಲ್ಪ ಬಿಡಿಸಬೇಕು.

ಒಂದೇ ವರ್ಷ ಬಂದ ಎರಡು ನಲವತ್ತು

ಗೊಂದಲಕ್ಕೆ ಮೊದಲ ಕಾರಣ ಸರಳವಾದದ್ದು. 2021ರಲ್ಲಿ ಯುಜಿಸಿಯಿಂದ, ಅಂದರೆ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗದಿಂದ, ಎರಡು ಬೇರೆ ಬೇರೆ ಶೇ 40 ಬಂದವು.

ಮೊದಲನೆಯದು ಮಾರ್ಚ್‌ನ ಸ್ವಯಂ ನಿಯಮ. ಸ್ವಯಂ ಅಂದರೆ ಕೇಂದ್ರ ಸರ್ಕಾರ 2017ರ ಜುಲೈ 9ರಂದು ಶುರುಮಾಡಿದ ಆನ್‌ಲೈನ್ ಕೋರ್ಸ್‌ಗಳ ವೇದಿಕೆ. ಅಲ್ಲಿ ಕೋರ್ಸ್ ಮುಗಿಸಿ ಪರೀಕ್ಷೆ ಪಾಸಾದರೆ ಆ ಕ್ರೆಡಿಟ್ಟನ್ನು (ಪೇಪರ್‌ಗೆ ಇಷ್ಟು ಅಂತ ಎಣಿಸೋ ಕಲಿಕೆಯ ಲೆಕ್ಕ) ನಿಮ್ಮ ಡಿಗ್ರಿಗೆ ಸೇರಿಸಿಕೊಳ್ಳಬಹುದು. 2016ರ ನಿಯಮದಲ್ಲಿ ಇದಕ್ಕೆ ಶೇ 20ರ ಮಿತಿ ಇತ್ತು. 2021ರಲ್ಲಿ ಅದನ್ನು ಶೇ 40ಕ್ಕೆ ಏರಿಸಿದರು. ಒಂದು ಸೆಮಿಸ್ಟರ್‌ನಲ್ಲಿ ಐದು ಪೇಪರ್ ಇದ್ದರೆ ಹೆಚ್ಚೆಂದರೆ ಎರಡನ್ನು ಈ ದಾರಿಯಲ್ಲಿ ಮುಗಿಸಬಹುದು ಅಂತ ಅರ್ಥ.

ಎರಡನೆಯದು ಅದೇ ವರ್ಷ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ ಬಂದ ಮಿಶ್ರ ಕಲಿಕೆಯ ಪ್ರಸ್ತಾವ. ಇಲ್ಲಿ ಪೇಪರ್ ನಿಮ್ಮ ಕಾಲೇಜಿನದೇ, ಪಾಠ ಮಾಡೋದೂ ನಿಮ್ಮ ಮೇಷ್ಟ್ರೇ. ಆದರೆ ಆ ಪೇಪರ್‌ನ ಶೇ 40ರವರೆಗೆ ಅವರು ಆನ್‌ಲೈನಿನಲ್ಲಿ ಕಲಿಸಬಹುದು, ಉಳಿದದ್ದು ತರಗತಿಯಲ್ಲೇ ಆಗಬೇಕು.

ಎರಡಕ್ಕೂ ಅಜಗಜಾಂತರ ಇದೆ. ಒಂದರಲ್ಲಿ ಇಡೀ ಪೇಪರ್ ಹೊರಗೆ ಹೋಗುತ್ತದೆ, ಇನ್ನೊಂದರಲ್ಲಿ ಪೇಪರ್ ಒಳಗೇ ಇದ್ದು ಕೆಲವು ಗಂಟೆ ಮಾತ್ರ ಪರದೆಗೆ ಹೋಗುತ್ತದೆ. ಸುದ್ದಿಯ ಶೀರ್ಷಿಕೆಯಲ್ಲಿ ಎರಡೂ "ಶೇ 40 ಆನ್‌ಲೈನ್" ಆಗಿಬಿಟ್ಟವು. ಇದರ ಮೇಲೆ ಪೂರ್ತಿ ಆನ್‌ಲೈನ್ ಡಿಗ್ರಿಗಳ ಜಾಹೀರಾತು ಬೇರೆ. ಯಾರಿಗಾದರೂ ತಲೆ ಕೆಡುತ್ತದೆ, ಅಲ್ವಾ?

ಇನ್ನೊಂದು ಮಾತು. ಎರಡೂ ಕಡೆ ಶೇ 40 ಅನ್ನೋದು ಮೇಲಿನ ಮಿತಿ. ಅಷ್ಟನ್ನು ಆನ್‌ಲೈನ್ ಮಾಡಲೇಬೇಕು ಅಂತ ಯಾರೂ ಹೇಳಿಲ್ಲ. ಎಷ್ಟು ಬಿಡಬೇಕು, ಯಾವ ಪೇಪರ್ ಬಿಡಬೇಕು ಅನ್ನೋದನ್ನು ವಿಶ್ವವಿದ್ಯಾಲಯವೇ ತೀರ್ಮಾನಿಸಬೇಕು.

ನಿಯಮದೊಳಗಿನ ಮೂರು ಬಾಗಿಲು

ಸ್ವಯಂ ನಿಯಮದಲ್ಲಿ ಹೆಚ್ಚು ಜನ ಓದದ ಒಂದು ಭಾಗ ಇದೆ. ಯಾವ ಸಂದರ್ಭದಲ್ಲಿ ಪೇಪರನ್ನು ಆನ್‌ಲೈನಿಗೆ ಬಿಡಬಹುದು ಅನ್ನೋದಕ್ಕೆ 2016ರಲ್ಲೇ ಮೂರು ಕಾರಣ ಕೊಟ್ಟಿದ್ದರು. ವಿದ್ಯಾರ್ಥಿ ಕೇಳಿದ ಐಚ್ಛಿಕ ವಿಷಯ ಆ ಕಾಲೇಜಿನಲ್ಲಿ ಇಲ್ಲದಿದ್ದರೆ ಬಿಡಬಹುದು. ತರಗತಿಯ ಪಾಠಕ್ಕೆ ಪೂರಕವಾಗಿದ್ದರೆ ಬಿಡಬಹುದು. ವಿಭಾಗದಲ್ಲಿ ತಕ್ಕ ಅಧ್ಯಾಪಕರು ಇಲ್ಲದಿದ್ದರೂ ಬಿಡಬಹುದು.

ಮೊದಲ ಎರಡು ಕಾರಣದ ಬಗ್ಗೆ ಯಾರದ್ದೂ ತಕರಾರಿಲ್ಲ. ಪುಟ್ಟ ಊರಿನ ಕಾಲೇಜಿನ ಬಿ.ಕಾಂ. ಹುಡುಗಿಗೆ ಡೇಟಾ ಅನಾಲಿಟಿಕ್ಸ್ ಕಲಿಯೋ ಆಸೆ ಇರಬಹುದು. ಕಾಲೇಜಿನಲ್ಲಿ ಕಲಿಸೋರಿಲ್ಲ. ಆಕೆ ಸ್ವಯಂನಲ್ಲಿ ಕಲಿತು ಕ್ರೆಡಿಟ್ ತಂದರೆ ಒಳ್ಳೇದೇ. ಸ್ವಯಂನಲ್ಲಿ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳನ್ನು ನೋಡಿಕೊಳ್ಳೋದು ನಮ್ಮ ಬೆಂಗಳೂರಿನ ಐಐಎಂ.

ಜಗಳ ಇರೋದು ಮೂರನೇ ಬಾಗಿಲಿನಲ್ಲಿ. ಅಧ್ಯಾಪಕರಿಲ್ಲ, ಅದಕ್ಕೆ ಆನ್‌ಲೈನ್. ಇದನ್ನು ಎರಡು ರೀತಿ ಓದಬಹುದು. ಮೇಷ್ಟ್ರು ಬರುವವರೆಗೆ ಪಾಠ ನಿಲ್ಲದಿರಲಿ ಅಂತ ಮಾಡಿದ ತಾತ್ಕಾಲಿಕ ವ್ಯವಸ್ಥೆ ಅನ್ನೋದು ಒಂದು ಓದು. ವ್ಯವಸ್ಥೆ ಹೇಗೂ ಆಗಿದೆ, ಇನ್ನು ಮೇಷ್ಟ್ರನ್ನು ತರೋದು ಯಾಕೆ ಅನ್ನೋದು ಇನ್ನೊಂದು. ನಿಯಮದ ಅಕ್ಷರ ಎರಡಕ್ಕೂ ಜಾಗ ಕೊಡುತ್ತದೆ.

ಅದೇ ನಿಯಮದಲ್ಲಿ ಇನ್ನೊಂದು ಷರತ್ತೂ ಇದೆ. ಕೋರ್ಸ್ ತೆಗೆದುಕೊಂಡ ಮಕ್ಕಳಿಗೆ ಕೊನೇವರೆಗೆ ದಾರಿ ತೋರಿಸಲು, ಲ್ಯಾಬ್ ನಡೆಸಲು ಕಾಲೇಜು ಒಬ್ಬ ಸಂಯೋಜಕರನ್ನು ನೇಮಿಸಬೇಕು. ಶೇ 40 ಎಲ್ಲರ ಬಾಯಲ್ಲಿದೆ. ಈ ಸಂಯೋಜಕರ ಸಾಲು ಮಾತ್ರ ಹೆಚ್ಚಿನ ಕಡೆ ಕಾಗದದ ಮೇಲೇ ಉಳಿದಿದೆ.

ಬುಧವಾರ ರಾತ್ರಿ 11:59

ಕೋರ್ಸ್ ನಡೆಯೋ ಬಗೆಯನ್ನು ಹತ್ತಿರದಿಂದ ನೋಡಿದರೆ ಆ ಸಾಲಿನ ತೂಕ ಗೊತ್ತಾಗುತ್ತದೆ.

ಎಂಜಿನಿಯರಿಂಗ್ ಮಕ್ಕಳು ಹೆಚ್ಚಾಗಿ ತೆಗೆದುಕೊಳ್ಳೋದು ಎನ್‌ಪಿಟಿಇಎಲ್ ಕೋರ್ಸ್. 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಕಟ್ಟಿದ ಯೋಜನೆ ಇದು. ಪಾಠಗಳ ಗುಣಮಟ್ಟದ ಬಗ್ಗೆ ಎರಡು ಮಾತಿಲ್ಲ. ಮೂರು ಕ್ರೆಡಿಟ್ಟಿನ ಕೋರ್ಸ್ 12 ವಾರ ನಡೆಯುತ್ತದೆ. ವಾರ ವಾರ ವಿಡಿಯೊ ಬರುತ್ತವೆ, ವಾರಕ್ಕೊಂದು ಅಸೈನ್‌ಮೆಂಟ್ ಇರುತ್ತದೆ. ಅದನ್ನು ಕೊಡಲು ಸಾಮಾನ್ಯವಾಗಿ ಬುಧವಾರ ರಾತ್ರಿ 11:59ರ ಗಡುವು. 12ರಲ್ಲಿ ಚೆನ್ನಾಗಿ ಬಂದ 8 ಅಸೈನ್‌ಮೆಂಟ್‌ಗಳ ಸರಾಸರಿಗೆ 25 ಅಂಕ. ಉಳಿದ 75 ಅಂಕ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯೋ ಪರೀಕ್ಷೆಗೆ. ಪಾಸಾಗಲು 25ಕ್ಕೆ 10, 75ಕ್ಕೆ 30 ಬೇಕು.

ಈಗ ಹಾಸ್ಟೆಲ್ ರೂಮಿಗೆ ಬನ್ನಿ. ಮಂಗಳವಾರ ಸಂಜೆಗೇ ಆ ವಾರದ ಉತ್ತರಗಳು ಟೆಲಿಗ್ರಾಂ ಗುಂಪಿಗೆ ಬಂದಿರುತ್ತವೆ. ಯೂಟ್ಯೂಬಿನಲ್ಲೂ ಸಿಗುತ್ತವೆ. 1-ಬಿ, 2-ಎ, 3-ಡಿ. ಹತ್ತು ಪ್ರಶ್ನೆಗೆ ಹತ್ತು ಕ್ಲಿಕ್, ಎರಡು ನಿಮಿಷದ ಕೆಲಸ. ಗುಂಪಿನಲ್ಲಿ ಇಲ್ಲದಿದ್ದರೆ ಚಾಟ್‌ಜಿಪಿಟಿ ಇದೆ. ವಿಡಿಯೊ ನೋಡಿದವರು ಇಬ್ಬರೋ ಮೂವರೋ, ಅದೂ ದುಪ್ಪಟ್ಟು ವೇಗದಲ್ಲಿ. ಹೀಗೆ 12 ವಾರ ಕಳೆದವರಿಗೆ ಅಸೈನ್‌ಮೆಂಟ್‌ನಲ್ಲಿ 25ಕ್ಕೆ 24 ಇರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಕೈಕಾಲು ತಣ್ಣಗಾಗುತ್ತದೆ.

ಇದಕ್ಕೆ ಮಕ್ಕಳ ಸೋಮಾರಿತನ ಕಾರಣ ಅಂತ ಹೇಳಿ ಕೈ ತೊಳೆದುಕೊಳ್ಳೋದು ಸುಲಭ. ಆದರೆ ತರಗತಿಯಲ್ಲಿ ಅದೇ ಹುಡುಗ ಪಾಠ ಕೇಳುತ್ತಿದ್ದ. ತುಂಬಾ ಆಸಕ್ತಿ ಇತ್ತು ಅಂತಲ್ಲ. ಮೇಷ್ಟ್ರು ಎದುರಿಗಿದ್ದರು, ಪಕ್ಕದವನು ಬರೆದುಕೊಳ್ಳುತ್ತಿದ್ದ, ಎಬ್ಬಿಸಿ ನಿಲ್ಲಿಸಿ ಕೇಳಿಬಿಟ್ಟರೆ ಮರ್ಯಾದೆ ಹೋಗುತ್ತದೆ ಅನ್ನೋ ಅಳುಕಿತ್ತು. ಇಷ್ಟು ವರ್ಷ ಕಲಿಕೆಯ ಅರ್ಧ ಭಾರ ಹೊತ್ತಿದ್ದದ್ದು ಈ ಸಣ್ಣಪುಟ್ಟ ಒತ್ತಡಗಳೇ. ವಿಡಿಯೊ ಪಾಠವನ್ನು ತಂದಿತು, ಇವನ್ನು ತರಲಿಲ್ಲ.

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಹಾರ್ವರ್ಡ್ ಮತ್ತು ಎಂಐಟಿಯ ಉಚಿತ ಆನ್‌ಲೈನ್ ಕೋರ್ಸ್‌ಗಳಿಗೆ 2017-18ರಲ್ಲಿ ಸೇರಿದವರಲ್ಲಿ ಕೊನೆ ಮುಟ್ಟಿದವರು ಶೇ 3ರ ಆಸುಪಾಸು.

ಸ್ಯಾನ್ ಹೋಸೆಯ ಎರಡು ಪ್ರಯೋಗ

ಈ ವಾದಕ್ಕೆ ಹಳೇದೊಂದು ಒಳ್ಳೆಯ ಪುರಾವೆ ಇದೆ. ಅದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಯದು. ಹೆಸರಾಂತ ದುಬಾರಿ ವಿಶ್ವವಿದ್ಯಾಲಯ ಅಲ್ಲ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳ ಹಾಗೆ ಸಾಮಾನ್ಯ ಮನೆಗಳ ಮಕ್ಕಳು ಬರೋ ಜಾಗ.

2012ರಲ್ಲಿ ಅಲ್ಲಿ ಎಲೆಕ್ಟ್ರಿಕಲ್ ಸರ್ಕ್ಯೂಟ್ಸ್ ಪೇಪರ್‌ಗೆ ಎಂಐಟಿಯ ವಿಡಿಯೊಗಳನ್ನು ಬಳಸಿದರು. ಮಕ್ಕಳು ಮನೆಯಲ್ಲಿ ವಿಡಿಯೊ ನೋಡಿಕೊಂಡು ಬರೋದು, ತರಗತಿಯಲ್ಲಿ ತಮ್ಮ ಮೇಷ್ಟ್ರ ಜೊತೆ ಕೂತು ಲೆಕ್ಕ ಬಿಡಿಸೋದು. ಮುಂಚೆ ಶೇ 60ರ ಹತ್ತಿರ ಇದ್ದ ಪಾಸಿನ ಪ್ರಮಾಣ ಶೇ 90 ದಾಟಿತು. ಒಂದು ತರಗತಿಯ ಪ್ರಯೋಗ, ಅದರಿಂದಲೇ ಎಲ್ಲ ತೀರ್ಮಾನಕ್ಕೆ ಬರಲಾಗದು ನಿಜ. ಆದರೂ ಸಣ್ಣ ವ್ಯತ್ಯಾಸ ಅಲ್ಲ.

ಮರುವರ್ಷ, 2013ರ ಆರಂಭದಲ್ಲಿ, ಅದೇ ವಿಶ್ವವಿದ್ಯಾಲಯ ಯುಡಾಸಿಟಿ ಕಂಪನಿಯ ಜೊತೆ ಸೇರಿ ಮೂರು ಗಣಿತ ಕೋರ್ಸ್‌ಗಳನ್ನು ಪೂರ್ತಿ ಆನ್‌ಲೈನಿನಲ್ಲಿ ನಡೆಸಿತು. ಪಾಸಾದವರ ಪ್ರಮಾಣ ಎದುರಾಬದುರು ತರಗತಿಗಿಂತ ತುಂಬಾ ಕೆಳಗಿಳಿಯಿತು. ಜುಲೈ ಹೊತ್ತಿಗೆ ಯೋಜನೆಗೆ ತಡೆ ಬಿತ್ತು. ತಮಾಷೆ ಏನೆಂದರೆ ಆ ಬೇಸಿಗೆಯ ತಂಡದ ಫಲಿತಾಂಶ ಚೆನ್ನಾಗಿಯೇ ಬಂತು. ಆದರೆ ಆ ತಂಡದಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಡಿಗ್ರಿ ಮುಗಿಸಿದವರು!

ಅದೇ ಕ್ಯಾಂಪಸ್, ಹೆಚ್ಚೂಕಮ್ಮಿ ಅದೇ ಕಾಲ, ಎರಡೂ ಕಡೆ ವಿಡಿಯೊ. ಒಂದು ಕಡೆ ವಿಡಿಯೊ ಮೇಷ್ಟ್ರ ಕೈಗೆ ಸಿಕ್ಕಿತ್ತು, ಇನ್ನೊಂದು ಕಡೆ ಮೇಷ್ಟ್ರ ಜಾಗದಲ್ಲಿ ಕೂತಿತ್ತು. ಈಗಾಗಲೇ ಓದೋದು ಹೇಗೆ ಅಂತ ಗೊತ್ತಿದ್ದವರಿಗೆ ಆ ವ್ಯತ್ಯಾಸ ಅಷ್ಟಾಗಿ ತಟ್ಟಲಿಲ್ಲ. ಗೊತ್ತಿಲ್ಲದವರು ಬಿದ್ದರು. ಕಾಲೇಜಿಗೆ ಬರೋರಲ್ಲಿ ಹೆಚ್ಚಿನವರು ಈ ಎರಡನೇ ಗುಂಪಿನವರೇ ಅನ್ನೋದನ್ನು ಮರೆಯಬಾರದು.

ಅದೇ 2013ರಲ್ಲಿ ಅಲ್ಲಿನ ತತ್ವಶಾಸ್ತ್ರ ವಿಭಾಗದವರು ಹಾರ್ವರ್ಡ್‌ನ ಮೈಕಲ್ ಸ್ಯಾಂಡೆಲ್‌ಗೆ ಬಹಿರಂಗ ಪತ್ರ ಬರೆದರು. ಅವರ ಉಪನ್ಯಾಸದ ವಿಡಿಯೊಗಳನ್ನು ಬಳಸೋದಿಲ್ಲ ಅಂತ. ಸ್ಯಾಂಡೆಲ್ ಪಾಠ ಕೆಟ್ಟದು ಅನ್ನೋದು ಅವರ ದೂರಾಗಿರಲಿಲ್ಲ. ಇಂದು ವಿಡಿಯೊ ಬಂದರೆ ನಾಳೆ ವಿಭಾಗವೇ ಬೇಡವಾಗುತ್ತದೆ, ಶ್ರೀಮಂತರ ಮಕ್ಕಳಿಗೆ ಪ್ರೊಫೆಸರ್, ಉಳಿದವರಿಗೆ ಆ ಪ್ರೊಫೆಸರ್‌ನ ವಿಡಿಯೊ ಅನ್ನೋ ಸ್ಥಿತಿ ಬರುತ್ತದೆ ಅನ್ನೋದು ಅವರ ಆತಂಕ. ಈ ಮಾತು ಕರ್ನಾಟಕಕ್ಕೆ ಹೇಗೆ ತಗಲುತ್ತದೆ ನೋಡೋಣ.

ಕಾರ್ಯಭಾರದ ಲೆಕ್ಕ

ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವು ನಡೆಯುತ್ತಿರೋದು ಬಹುಮಟ್ಟಿಗೆ 10,000ಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2022ರಲ್ಲಿ ಸರ್ಕಾರ ಅವರ ಗೌರವಧನ ಹೆಚ್ಚಿಸಿತು, ಜೊತೆಗೇ ವಾರದ ಕಾರ್ಯಭಾರವನ್ನೂ, ಅಂದರೆ ಪಾಠ ಮಾಡಬೇಕಾದ ಗಂಟೆಗಳನ್ನೂ, 15ಕ್ಕೆ ಏರಿಸಿತು. ಒಬ್ಬೊಬ್ಬರಿಗೆ ಜಾಸ್ತಿ ಗಂಟೆ ಕೊಟ್ಟಾಗ ಇರೋ ಗಂಟೆ ಎಲ್ಲರಿಗೂ ಸಾಲಲಿಲ್ಲ. ಕೆಲವರು ಹೊರಗುಳಿದರು, ಪ್ರತಿಭಟನೆಗಳೂ ನಡೆದವು.

ಈ ಹಿನ್ನೆಲೆಯಲ್ಲಿ ಒಂದು ಪೇಪರ್ ಆನ್‌ಲೈನಿಗೆ ಹೋದರೆ ಏನಾಗುತ್ತದೆ? ವಾರಕ್ಕೆ 4 ಗಂಟೆಯ ಪೇಪರ್ ಅಂತ ಇಟ್ಟುಕೊಳ್ಳಿ. ಅದು ಹೋದ ಕೂಡಲೇ ಆ ವಿಭಾಗದ ಲೆಕ್ಕದಿಂದ 4 ಗಂಟೆ ಕರಗುತ್ತದೆ. ಕಾಯಂ ಪ್ರಾಧ್ಯಾಪಕರಿಗೆ ಮೊದಲು ಗಂಟೆ ಹಂಚಬೇಕು, ಉಳಿದದ್ದು ಅತಿಥಿಗಳಿಗೆ. 15 ಗಂಟೆ ಇದ್ದವರು 11ಕ್ಕೆ ಇಳಿಯುತ್ತಾರೆ. ಗಂಟೆ ಇಳಿದರೆ ಗೌರವಧನ ಇಳಿಯುತ್ತದೆ. ಎರಡು ಪೇಪರ್ ಹೋದರೆ ಆ ಹುದ್ದೆಯೇ ಅನುಮಾನ. ಕಾರ್ಯಭಾರ ಇಲ್ಲ ಅಂತ ಕಡತದಲ್ಲಿ ಬಿದ್ದ ಮೇಲೆ ಆ ವಿಷಯಕ್ಕೆ ಕಾಯಂ ನೇಮಕಾತಿ ಕೇಳಲೂ ಆಧಾರ ಉಳಿಯಲ್ಲ. "ಮೇಷ್ಟ್ರಿಲ್ಲ, ಅದಕ್ಕೆ ಆನ್‌ಲೈನ್" ಅಂತ ಶುರುವಾದದ್ದು "ಆನ್‌ಲೈನ್ ಇದೆ, ಅದಕ್ಕೆ ಮೇಷ್ಟ್ರಿಲ್ಲ" ಅಂತ ತಿರುಗೋದು ಹೀಗೆ. ಯಾರೂ ಸಂಚು ಮಾಡಬೇಕಾಗಿಲ್ಲ, ಲೆಕ್ಕ ತಾನಾಗೇ ಆ ಕಡೆ ವಾಲುತ್ತದೆ.

ಸಂಯೋಜಕರಾಗಿ ಕೂತು ಮಕ್ಕಳಿಗೆ ದಾರಿ ತೋರಿಸೋ ಗಂಟೆಯನ್ನು ಕಾರ್ಯಭಾರ ಅಂತ ಎಣಿಸಿದರೆ ಈ ತೊಡಕು ಬಹುಪಾಲು ಬಿಡಿಸಿಕೊಳ್ಳುತ್ತದೆ. ಎಣಿಸದಿದ್ದರೆ ಯಾರು ಸುಮ್ನೆ ಕೂರುತ್ತಾರೆ?

ಪರವಾಗಿ ಹೇಳೋರ ಮಾತಿನಲ್ಲೂ ಸತ್ವ ಇದೆ

ಆನ್‌ಲೈನ್ ಬೇಕು ಅನ್ನೋರು ಸುಮ್ನೆ ಹಣ ಉಳಿಸೋಕೆ ಹೇಳುತ್ತಿದ್ದಾರೆ ಅಂದರೆ ಅನ್ಯಾಯವಾಗುತ್ತದೆ.

ವಿಟಿಯು ಕೊನೇ ಸೆಮಿಸ್ಟರ್‌ನ್ನೇ ನೋಡಿ. ಕಲಬುರಗಿ ಕಡೆಯ ಹುಡುಗನಿಗೆ ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ. ದಿನಾ ಕಾಲೇಜಿನಲ್ಲಿ ತರಗತಿ ಇದ್ದರೆ ಅವನು ಹೋಗೋಕಾಗಲ್ಲ. ಎರಡು ಪೇಪರ್ ಆನ್‌ಲೈನ್ ಆದರೆ ಹೋಗಬಹುದು. ಇದು ಮೇಷ್ಟ್ರಿಲ್ಲದ ಕಾರಣಕ್ಕೆ ಮಾಡಿದ್ದಲ್ಲ, ವಿದ್ಯಾರ್ಥಿಯ ಅನುಕೂಲಕ್ಕೆ ಮಾಡಿದ್ದು. ಅಷ್ಟರಲ್ಲಿ ಅವನು ಮೂರು ವರ್ಷಕ್ಕೂ ಹೆಚ್ಚು ಓದಿದ್ದಾನೆ, ಒಬ್ಬನೇ ಕೂತು ಕಲಿಯೋ ಅಭ್ಯಾಸ ಅಷ್ಟಿಷ್ಟು ಬಂದಿರುತ್ತದೆ. ಇದೇ ಕ್ರಮವನ್ನು ಮೊದಲ ಸೆಮಿಸ್ಟರ್‌ಗೆ ತಂದರೆ ಕಥೆ ಬೇರೆ. ಆದ್ದರಿಂದ ಎಷ್ಟು ಶೇಕಡಾ ಅನ್ನೋದಕ್ಕಿಂತ ಯಾವ ಸೆಮಿಸ್ಟರ್, ಯಾವ ಪೇಪರ್ ಅನ್ನೋದನ್ನು ಜಾಸ್ತಿ ಕೆದಕಬೇಕು. ಫೀಸಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕಾಲೇಜು ಸಂಯೋಜಕರನ್ನು ಕೊಟ್ಟು, ಇಂಟರ್ನ್‌ಶಿಪ್ ಮೇಲೆ ಕಣ್ಣಿಟ್ಟಿದ್ದರೆ ಅದಕ್ಕೊಂದು ಅರ್ಥ ಇದೆ. ಬರೀ ಲಿಂಕ್ ಕಳಿಸಿ ಕೈ ಕಟ್ಟಿ ಕೂತರೆ ಪೋಷಕರ ಸಿಟ್ಟೇ ಸರಿ.

ಇಂಗ್ಲಿಷ್ ಗೋಡೆ

ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಬಿ.ಎ. ವಿದ್ಯಾರ್ಥಿ ಇತಿಹಾಸವನ್ನು, ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಬರೆಯಬಹುದು. ಸಿಂಧನೂರಿನ ಕಾಲೇಜಿನಲ್ಲಿ ಮೇಷ್ಟ್ರು ಪಾಠ ಮಾಡೋದೂ ಕನ್ನಡದಲ್ಲೇ. ಅದೇ ಪೇಪರ್ ಸ್ವಯಂಗೆ ಹೋದರೆ ವಿಡಿಯೊ ಬಹುಪಾಲು ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ಎನ್‌ಪಿಟಿಇಎಲ್ ಕೆಲವು ಪಾಠಗಳ ಬರಹರೂಪವನ್ನು ಕನ್ನಡಕ್ಕೂ ತಂದಿದೆ, ಅದು ಮೆಚ್ಚಬೇಕಾದ ಕೆಲಸ. ಆದರೆ ಅನುವಾದ ಓದಿ, ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಎದುರಿಸೋದು ಅಂದರೆ ಈಜು ಕಲಿತದ್ದು ಕೆರೆಯಲ್ಲಿ, ಪರೀಕ್ಷೆ ಸಮುದ್ರದಲ್ಲಿ ಅಂದ ಹಾಗೆ.

ಇನ್ನೊಂದು ಅಷ್ಟಾಗಿ ಚರ್ಚೆಯಾಗದ ವಿಷಯ ಇದೆ. ಇಲ್ಲಿನ ಪರೀಕ್ಷೆಗಳು ಹೆಚ್ಚಾಗಿ ಬಹು ಆಯ್ಕೆಯ ಪ್ರಶ್ನೆಗಳದ್ದು. ಸರ್ಕ್ಯೂಟ್ ಲೆಕ್ಕಕ್ಕೆ ಅದು ನಡೆಯುತ್ತದೆ. ವಚನ ಚಳವಳಿಯ ಸಾಮಾಜಿಕ ಹಿನ್ನೆಲೆ ಬಗ್ಗೆ ನಾಲ್ಕು ಪುಟ ಬರೆಯೋ ಅಭ್ಯಾಸಕ್ಕೆ ಎ, ಬಿ, ಸಿ, ಡಿ ಯಾವತ್ತೂ ಸಾಟಿಯಾಗದು.

ಸಾಧನದ ಕೊರತೆ ಬಗ್ಗೆ ಕೋವಿಡ್ ಕಾಲದಲ್ಲಿ ಸಾಕಷ್ಟು ಮಾತಾಯಿತು. ಸುಳ್ಯ ತಾಲ್ಲೂಕಿನಲ್ಲಿ ಸುರಿಯೋ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದಿದ್ದ ಚಿತ್ರ ಎಲ್ಲರಿಗೂ ನೆನಪಿದೆ. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷದಷ್ಟು ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟಿತು, ಸ್ವಂತ ಕಲಿಕಾ ಜಾಲತಾಣವನ್ನೂ ಶುರುಮಾಡಿತು. ಈ ಜಾಲತಾಣದ ಪಾಠಗಳನ್ನು ಮಾಡಿದ್ದು ನಮ್ಮದೇ ಕಾಲೇಜುಗಳ ಅಧ್ಯಾಪಕರು. ಭಾಷೆಯ ಗೋಡೆ ದಾಟಲು ಇರೋ ಹತ್ತಿರದ ದಾರಿ ಬಹುಶಃ ಇದೇ.

ಎರಡು ಕ್ಯಾಲೆಂಡರ್‌ಗಳ ನಡುವೆ

ಸ್ವಯಂ ಕೋರ್ಸ್‌ಗಳು ದೇಶಕ್ಕೆಲ್ಲ ಒಂದೇ ವೇಳಾಪಟ್ಟಿಯಲ್ಲಿ ನಡೆಯುತ್ತವೆ, ಜನವರಿಯಲ್ಲೊಂದು ಸುತ್ತು, ಜುಲೈನಲ್ಲೊಂದು ಸುತ್ತು. ನಮ್ಮ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಯಾವಾಗ ಶುರುವಾಗುತ್ತದೆ ಅನ್ನೋದು ದೇವರಿಗೇ ಗೊತ್ತು. ಅಡ್ಮಿಷನ್ ತಡ, ಫಲಿತಾಂಶ ತಡ. ಜುಲೈ ಸುತ್ತಿಗೆ ನೋಂದಣಿ ಮುಗಿಯೋ ಹೊತ್ತಿಗೆ ನಮ್ಮಲ್ಲಿ ಹಿಂದಿನ ಸೆಮಿಸ್ಟರ್ ಪರೀಕ್ಷೆಯೇ ನಡೆಯುತ್ತಿರಬಹುದು. ಆಗ ಆ ಪೇಪರ್‌ಗೆ ಆರು ತಿಂಗಳು ಕಾಯಬೇಕು. ಅಥವಾ ಎಲ್ಲ ಪೇಪರ್ ಪಾಸಾಗಿ, ಸ್ವಯಂ ಅಂಕ ಬಂದಿಲ್ಲ ಅನ್ನೋ ಒಂದೇ ಕಾರಣಕ್ಕೆ ಮಾರ್ಕ್ಸ್ ಕಾರ್ಡ್ ನಿಲ್ಲಬಹುದು. ಸಿಕ್ಕ ಕೆಲಸಕ್ಕೆ ಸೇರೋ ದಿನ ಹತ್ತಿರ ಬಂದಾಗ ಈ ಕಾಯೋದು ಬಲು ಕಷ್ಟ.

ಫೇಲಾದರೂ ಇದೇ ಪಾಡು. ವಿಶ್ವವಿದ್ಯಾಲಯದ ಪೇಪರ್ ಬ್ಯಾಕ್ ಉಳಿದರೆ ಮತ್ತೆ ಬರೆಯಬಹುದು. ಸ್ವಯಂ ಕೋರ್ಸ್ ಮುಂದಿನ ಸುತ್ತಿನಲ್ಲಿ ಇರುತ್ತದೆ ಅನ್ನೋ ಭರವಸೆ ಇಲ್ಲ. ಇಲ್ಲದಿದ್ದರೆ ಬೇರೆ ಕೋರ್ಸ್ ಹುಡುಕಬೇಕು, ಮೊದಲಿಂದ ಶುರುಮಾಡಬೇಕು. ಎನ್‌ಪಿಟಿಇಎಲ್ ಪರೀಕ್ಷೆಗೆ ಕೋರ್ಸೊಂದಕ್ಕೆ 1,000 ರೂಪಾಯಿ ಶುಲ್ಕ ಕಟ್ಟಬೇಕಾಗಿ ಬಂದಿದೆ. ಎರಡು ಸಲ ಬರೆದರೆ ಎರಡು ಸಲ ಕಟ್ಟಬೇಕು.

ಮುಂದೆ ಏನಾಗಬಹುದು

ಆನ್‌ಲೈನ್ ಕ್ರೆಡಿಟ್ ಇನ್ನು ಹಿಂದಕ್ಕೆ ಹೋಗುವ ಲಕ್ಷಣ ಇಲ್ಲ. 2021ರ ಜುಲೈನಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಎಲ್ಲಿಂದ ಗಳಿಸಿದ ಕ್ರೆಡಿಟ್ ಆದರೂ ಒಂದೇ ಖಾತೆಯಲ್ಲಿ ಕೂರುವಂತೆ ಮಾಡಿದೆ. ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಬಿಟ್ಟು 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಆದರೆ ಸ್ವಯಂ ನಿಯಮ ಬಂದದ್ದು ಯುಜಿಸಿ ದಾರಿಯಿಂದ, ಅದೂ 2016ರಲ್ಲಿ. ನೀತಿ ಬದಲಾದ ಮಾತ್ರಕ್ಕೆ ಅದು ಹೋಗಲ್ಲ.

ಪ್ರತಿಷ್ಠಿತ ಸ್ವಾಯತ್ತ ಕಾಲೇಜುಗಳು ಇದನ್ನು ಚೆನ್ನಾಗಿಯೇ ಬಳಸಿಕೊಳ್ಳುತ್ತವೆ. ಅವರಿಗೆ ಮೇಷ್ಟ್ರಿದ್ದಾರೆ, ಆನ್‌ಲೈನ್ ಅನ್ನೋದು ಹೆಚ್ಚುವರಿ ಆಯ್ಕೆ. ಹುದ್ದೆ ಖಾಲಿ ಬಿದ್ದಿರೋ ತಾಲ್ಲೂಕು ಕೇಂದ್ರದ ಕಾಲೇಜು ಮೂರನೇ ಬಾಗಿಲನ್ನೇ ತಟ್ಟುತ್ತದೆ. ಒಂದೇ ನಿಯಮ, ಒಂದು ಕಡೆ ಊಟದ ಮೇಲಿನ ಬಾಳೆಹಣ್ಣು, ಇನ್ನೊಂದು ಕಡೆ ಅದೇ ಊಟ.

ನಿಮ್ಮ ಮಗಳ ಕಾಲೇಜು ಇದರಲ್ಲಿ ಯಾವ ಕಡೆ ಇದೆ ಅಂತ ತಿಳಿಯಲು ಸುತ್ತೋಲೆ ಓದಬೇಕಾಗಿಲ್ಲ. ಸೆಮಿಸ್ಟರ್ ಶುರುವಾದ ವಾರ ನೋಟಿಸ್ ಬೋರ್ಡಿಗೆ ವೇಳಾಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ ಸ್ವಯಂ ಪೇಪರ್‌ನ ಸಾಲು ಹುಡುಕಿ. ಅದರ ಮುಂದೆ ಒಂದು ಗಂಟೆ, ಒಂದು ಕೊಠಡಿ ಸಂಖ್ಯೆ, ಒಬ್ಬ ಮೇಷ್ಟ್ರ ಹೆಸರಿನ ಮೊದಲಕ್ಷರ ಇದೆಯಾ, ಇಲ್ಲಾ ಜಾಗ ಖಾಲಿ ಬಿಟ್ಟಿದ್ದಾರಾ ನೋಡಿ.